ಸಿದ್ದಮಲ್ಲಪ್ಪನವರ ಎಡ ಮೆಟ್ಟು

ಹನೂರಿನಲ್ಲಿ ಸಿದ್ದಮಲ್ಲಪ್ಪನವರ ಮನೆಯ ಹೊಸ್ತಿಲಿನಿಂದ ಅವರ ದಿನಸಿ ಅಂಗಡಿಯ ಗಲ್ಲಾದವರೆಗೆ ನೂರ ಅರವತ್ತೆರಡು ಹೆಜ್ಜೆ. ಇದು ಅಂದಾಜಿನ ಮಾತಲ್ಲ. 1999ನೆಯ ಇಸವಿ ಜೂನ್ 9, ಬುಧವಾರ ಬೆಳಿಗ್ಗೆ ನಾನೇ ಎಣಿಸಿದ್ದು. ಈ ದೂರವನ್ನು ಅವರು ಹನ್ನೊಂದು ವರ್ಷ ಮೊಪೆಡ್ಡಿನ ಮೇಲೆ ಕ್ರಮಿಸಿದರು. ಚಳಿಗಾಲದಲ್ಲಿ ಅದನ್ನು ಪೆಡಲ್ ತುಳಿದು ಸ್ಟಾರ್ಟ್ ಮಾಡುವುದಕ್ಕೆ ಇಡೀ ಪ್ರಯಾಣಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಆ ತುಳಿಯುವ ಕೆಲಸವನ್ನೂ ಅವರು ಮಾಡುತ್ತಿರಲಿಲ್ಲ. ಅವರ ಹೆಂಡತಿಯ ತಮ್ಮ ಪುಟ್ಟಸಿದ್ದಯ್ಯ ಮಾಡುತ್ತಿದ್ದ.

ಗಲ್ಲಾದ ಹಿಂದೆ ಒಮ್ಮೆ ಕುಳಿತರೆ ಸಿದ್ದಮಲ್ಲಪ್ಪನವರು ಏಳುತ್ತಿದ್ದುದು ಅಂಗಡಿ ಮುಚ್ಚುವಾಗ. ಅವರ ಬಲಗೈಯ ಬಳಿ ಒಂದು ದೋಟಿ ಸದಾ ಒರಗಿರುತ್ತಿತ್ತು. ತೆಂಗಿನಕಾಯಿ ಕೀಳುವಂಥದೇ ಬಿದಿರಿನ ದೋಟಿ, ತುದಿಯಲ್ಲಿ ಕಬ್ಬಿಣದ ಕೊಕ್ಕೆ. ಅದರಿಂದ ಅವರು ಎದುರಿನ ಹಲಗೆಯ ಮೇಲಿನ ಬೆಂಕಿಪೊಟ್ಟಣದ ಕಟ್ಟನ್ನು, ಅಗರಬತ್ತಿಯ ಪೊಟ್ಟಣವನ್ನು ಕುಳಿತಲ್ಲಿಯೇ ಎಳೆದು ಎಡಗೈಯಲ್ಲಿ ಹಿಡಿಯುತ್ತಿದ್ದರು. ಒಮ್ಮೆಯೂ ಕೆಳಗೆ ಬೀಳಿಸಿದ್ದನ್ನು ನಾನು ಕಾಣೆ. ಬೇರೆ ಯಾವ ವ್ಯಾಯಾಮವನ್ನೂ ಅರಿಯದ ಆ ದೇಹದಲ್ಲಿ ಎರಡು ಕೈಗಳು ಮಾತ್ರ ಪೈಲ್ವಾನನ ಕೈಗಳಂತಿದ್ದವು.

ಇಂಥ ಮನುಷ್ಯನಿಗೆ ಲೋಕದಲ್ಲಿ ಇದ್ದ ಭಯ ಒಂದೇ, ಅದು ಅವರ ಮನೆಯ ಅಟ್ಟದ ಮೇಲಿತ್ತು. ಅವರ ತಂದೆಗೆ ಸಕ್ಕರೆ ಕಾಯಿಲೆ. 1987ರ ಅಕ್ಟೋಬರಿನಲ್ಲಿ ಎಡಗಾಲಿಗೆ ಜಾಲಿಮುಳ್ಳು ನೆಟ್ಟಿತು, ನೆಟ್ಟದ್ದು ಅವರಿಗೆ ತಿಳಿಯಲಿಲ್ಲ, ಗಾಯ ಮಾಯಲಿಲ್ಲ. ನವೆಂಬರ್ 12, ಗುರುವಾರ, ಮೈಸೂರಿನಲ್ಲಿ ಆ ಪಾದವನ್ನು ತೆಗೆದರು. ಅದಕ್ಕೆ ಮೊದಲೇ ಕೊಳ್ಳೇಗಾಲದಲ್ಲಿ ಒಂದು ಜೊತೆ ಚರ್ಮದ ಮೆಟ್ಟು ಹೊಲಿಯಲು ಹೇಳಿದ್ದರು. ಮೆಟ್ಟು ಮನೆಗೆ ಬರುವಷ್ಟರಲ್ಲಿ ಎಡಪಾದವೇ ಇರಲಿಲ್ಲ. ಹಿರಿಯರು 1991ರ ಮಾರ್ಚ್ 3ರಂದು ತೀರಿಕೊಳ್ಳುವವರೆಗೆ ಊರುಗೋಲಿನ ಜೊತೆ ಬಲ ಮೆಟ್ಟನ್ನು ಮಾತ್ರ ಮೆಟ್ಟಿ ಸವೆಸಿದರು. ಎಡ ಮೆಟ್ಟು ಹೊಲಿದು ಬಂದ ದಿನ ಹೇಗಿತ್ತೋ ಹಾಗೆಯೇ ಉಳಿಯಿತು. ಆ ಜೊತೆ ಅಟ್ಟ ಸೇರಿತು. ಅಟ್ಟದಿಂದ ಏನಾದರೂ ತೆಗೆಯಬೇಕಾದಾಗ ಸಿದ್ದಮಲ್ಲಪ್ಪನವರು ಆ ಕಡೆ ನೋಡದೆ ದೋಟಿ ಚಾಚುತ್ತಿದ್ದರು.

1999ರ ಜೂನ್ 7, ಸೋಮವಾರ, ಹೆಂಡತಿ ಶಿವರತ್ನಮ್ಮನವರು ಅವರನ್ನು ಬಸ್ಸಿಗೆ ಹತ್ತಿಸಿ ಕೊಳ್ಳೇಗಾಲಕ್ಕೆ ಕರೆದೊಯ್ದರು. ವೈದ್ಯರು ರಂಗನಾಥ ಎಂಬುವರು, ಯಳಂದೂರಿನವರು. ಅವರು ರಕ್ತಪರೀಕ್ಷೆಯ ಚೀಟಿಯನ್ನು ಮೇಜಿನ ಮೇಲಿಟ್ಟು ಹೇಳಿದರು:

“ಖಾಲಿ ಹೊಟ್ಟೇಲಿ ನೂರ ಇಪ್ಪತ್ತೊಂದು. ನೂರ ಇಪ್ಪತ್ತಾರಕ್ಕೆ ಬಂದ್ರೆ ಅದನ್ನ ಸಕ್ಕರೆ ಕಾಯಿಲೆ ಅಂತೀವಿ. ನೀವು ಇನ್ನೂ ಬಾಗಿಲಾಚೆ ಇದ್ದೀರಿ. ಆದ್ರೆ ಬಾಗಿಲು ತೆರೆದೇ ಇದೆ.”

“ಕಾಲು ಸಾ?” ಎಂದರು ಸಿದ್ದಮಲ್ಲಪ್ಪನವರು.

“ಕಾಲಿಗೇನೂ ಆಗಿಲ್ಲ. ಇರೋವಾಗಲೇ ಅದನ್ನ ಉಪಯೋಗಿಸಿ ಅಂತ ಹೇಳ್ತಿದ್ದೀನಿ. ಅಂಗಡಿ ಇಟ್ಟವರು ನೀವು. ಮೂಟೆ ಬರ್ತಾನೇ ಇದ್ದು, ಮಾಲು ಖರ್ಚಾಗದೇ ಇದ್ರೆ ಏನಾಗುತ್ತೆ?”

“ಉಳ ಬೀಳ್ತದೆ.”

“ರಕ್ತದಲ್ಲಿ ಸಕ್ಕರೇನೂ ಹಾಗೇ. ಮೈ ಅಲುಗಾಡಿದರೆ ಖರ್ಚಾಗುತ್ತೆ. ಮೂರು ತಿಂಗಳು ಮಾತ್ರೆ ಬೇಡ. ದಿನಾ ಮುಕ್ಕಾಲು ಗಂಟೆ ಚುರುಕಾಗಿ ನಡೀರಿ, ಅನ್ನ ಕಮ್ಮಿ ಮಾಡಿ, ಸಿಹಿ ಮುಟ್ಟಬೇಡಿ. ಸೆಪ್ಟೆಂಬರ್ ಆರನೇ ತಾರೀಕು ಬನ್ನಿ, ಮತ್ತೆ ನೋಡೋಣ.”

“ನಡೆಯೋದಾ? ಯಾರು ಸಾ?”

ವೈದ್ಯರು ಇದನ್ನು ಹಾಸ್ಯವೆಂದು ತಿಳಿದು ನಕ್ಕರು. ಅವರಾಗ ನಗದೆ ಉತ್ತರ ಹೇಳಿದ್ದರೆ ಮುಂದಿನ ಪ್ರಕರಣವೇ ನಡೆಯುತ್ತಿರಲಿಲ್ಲ.

ನಮ್ಮ ಸೀಮೆಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಬರುತ್ತೇನೆಂದು ಹರಕೆ ಹೊತ್ತವರು ಹಾಸಿಗೆ ಹಿಡಿದರೆ, ಅವರ ಹೆಸರಿನಲ್ಲಿ ಮನೆಯ ಇನ್ನೊಬ್ಬರು ನಡೆದು ತೀರಿಸುವುದುಂಟು. ನಡೆಯುವವರ ಹಣೆಗೆ ವಿಭೂತಿ ಬಳಿದು, ಅರಿಸಿನದ ಬಟ್ಟೆಯಲ್ಲಿ ಕಾಣಿಕೆ ಗಂಟು ಹಾಕಿ ತೋಳಿಗೆ ಕಟ್ಟುತ್ತಾರೆ, ಅದೇ ಮುಡುಪು. 1983ರಲ್ಲಿ ಸಿದ್ದಮಲ್ಲಪ್ಪನವರಿಗೆ ಟೈಫಾಯಿಡ್ ಆದಾಗ ಅವರ ತಾಯಿ ಗುರುಬಸಮ್ಮ ಮಗನ ಹೆಸರಿನಲ್ಲಿ ಬೆಟ್ಟಕ್ಕೆ ನಡೆದಿದ್ದರು. ಹದಿನೇಳನೆಯ ದಿನ ಮಗ ಎದ್ದು ಕುಳಿತು ಅನ್ನ ಕೇಳಿದರು. ಆ ಹದಿನೇಳು ದಿನವೂ ಅವರು ಮಾತ್ರೆ ನುಂಗಿದ್ದರೆಂಬುದು ನನಗೆ ನೆನಪಿದೆ, ಅವರಿಗೆ ನೆನಪಿಲ್ಲ.

ಹೀಗಾಗಿ ಜೂನ್ 10ರ ಗುರುವಾರ ಬೆಳಿಗ್ಗೆ ಎದುರುಮನೆಯವನಾದ ನನಗೆ, ನಿವೃತ್ತ ಮೇಷ್ಟ್ರೆಂಬ ಗೌರವದಿಂದ, ಕರೆ ಬಂತು. ಹೋಗಿ ನೋಡಿದರೆ ನಡುಮನೆಯ ಮಣೆಯ ಮೇಲೆ ಪುಟ್ಟಸಿದ್ದಯ್ಯನನ್ನು ಕೂರಿಸಿದ್ದರು. ನಲವತ್ತೊಂದು ವರ್ಷದ ಆಳು. ಅಕ್ಕನ ಮನೆಯಲ್ಲೇ ಇದ್ದು ಅಂಗಡಿಯ ಮೂಟೆಗಳ ಮೇಲೆ ಮಲಗುವುದರಲ್ಲಿ ಹೆಸರಾದವನು. ಹಣೆಯ ತುಂಬ ವಿಭೂತಿ, ತೋಳಿನಲ್ಲಿ ಮುಡುಪು, ಮುಖದಲ್ಲಿ ದಿಗಿಲು.

“ಬಾವ, ನಾನ್ ನಡುದ್ರೆ ನಿಮ್ ಸಕ್ರೆ ಎಂಗಿಳಿತದೆ?”

“ನಮ್ಮವ್ವ ನಡುದ್ರೆ ನನ್ ಜ್ವರ ಎಂಗಿಳೀತ್ಲಾ? ಅಂಗೇಯ.”

“ಅವತ್ತು ಅತ್ತೆಮ್ಮ ಒಂದ್ಸಲ ನಡುದ್ರು. ನಂಗೆ ಮೂರ್ ತಿಂಗ್ಳು ಅಂತಿದ್ದೀರಲ್ಲ.”

“ಅದು ಜ್ವರ. ಇದು ಸಕ್ರೆ. ಸಕ್ರೆ ನಿಧಾನಕ್ಕೆ ಕರಗ್ತದೆ.”

ಒಬ್ಬರ ರಕ್ತದ ಸಕ್ಕರೆಗೂ ಮತ್ತೊಬ್ಬರ ಕಾಲಿಗೂ ಸಂಬಂಧವಿಲ್ಲವೆಂದು ನಾನು ಶಾಂತವಾಗಿ ವಿವರಿಸಿದೆ. ಸಿದ್ದಮಲ್ಲಪ್ಪನವರು ಪೂರ್ತಿ ಕೇಳಿ, “ಮೇಷ್ಟ್ರೇ, ನೀವ್ ಪುಸ್ತಕದ್ದು ಯೋಳ್ತಿದ್ದೀರಿ, ನಾನ್ ಕಂಡಿದ್ದು ಯೋಳ್ತಿವ್ನಿ,” ಎಂದರು. ಶಿವರತ್ನಮ್ಮನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಅಂಗಾರೆ ಸರಿ ಕಣ್ರಿ. ನಿಮ್ ಎಸ್ರಲ್ಲಿ ನಡೆಯೋನು ನಿಮ್ ಎಸ್ರಲ್ಲೇ ಉಣ್ಲಿ. ನಿಮ್ಗೆ ಒಂದ್ ಮುದ್ದೆ, ಸೊಪ್ಪಿನ ಸಾರು. ಒಬ್ಬಟ್ಟು ಮಾಡುದ್ರೆ ನಮ್ ಪುಟ್ಟಸಿದ್ದಂಗೆ.”

ಪುಟ್ಟಸಿದ್ದಯ್ಯನ ಮುಖದ ದಿಗಿಲು ಅರ್ಧ ಕಡಿಮೆಯಾಯಿತು. ಆಕೆ ನುಡಿದಂತೆಯೇ ನಡೆದರು. ಊಟದ ವಿಷಯದಲ್ಲಿ ವೈದ್ಯರ ಮಾತು ಅಂದಿನಿಂದ ಪಾಲನೆಯಾಯಿತು.

ನಡಿಗೆಯ ದಾರಿ ಬೆಟ್ಟದ ರಸ್ತೆಯೇ ಎಂದು ನಿಶ್ಚಯವಾಯಿತು. ಊರು ಬಿಟ್ಟು ಎರಡನೆಯ ಕಿಲೋಮೀಟರ್ ಕಲ್ಲಿನವರೆಗೆ ಹೋಗಿ ಹಿಂತಿರುಗಬೇಕು. ದಿನವೂ ಬೆಳಿಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಪುಟ್ಟಸಿದ್ದಯ್ಯ ಹೊರಡುತ್ತಿದ್ದ, ಏಳಕ್ಕೆ ಮರಳುತ್ತಿದ್ದ. ಸಿದ್ದಮಲ್ಲಪ್ಪನವರು ಜಗುಲಿಯಲ್ಲಿ ಕುಳಿತು, ಅವನು ಬಂದ ಕೂಡಲೇ ತಮ್ಮ ಕಾಲನ್ನು ಒತ್ತಿಕೊಂಡು, “ಇವತ್ತು ವಸಿ ಹಗುರ ಅನ್ನುಸ್ತದೆ,” ಎನ್ನುತ್ತಿದ್ದರು.

ಇದು ಇಪ್ಪತ್ತು ದಿನ ನಿರಾತಂಕವಾಗಿ ನಡೆಯಿತು. ಜೂನ್ 30ರ ಬುಧವಾರ ಸೊಪ್ಪು ಮಾರುವ ಗುರುಸಿದ್ದಮ್ಮ ಅಂಗಡಿಗೆ ಬಂದು, ಉಪ್ಪು ಕಟ್ಟಿಸಿಕೊಳ್ಳುತ್ತ ಕೇಳಿದಳು:

“ಸಾವ್ಕಾರ್ರೇ, ನಿಮ್ ಬಾಮೈದಂಗೆ ಉಸಾರಿಲ್ವಾ?”

“ಯಾಕಮ್ಮಿ?”

“ದಿನಾ ಒತ್ತಾರೆ ಒಂದ್ನೇ ಕಲ್ತಾವ ಉಣಸೆ ಮರುದ್ ಬುಡದಲ್ಲಿ ಬಿದ್ದಿರ್ತಾನೆ. ಕಡ್ಲೆಕಾಯ್ ಸಿಪ್ಪೆ ಎದೆ ಮ್ಯಾಲೇ ಇರ್ತದೆ. ಪಾಪ, ಎಬ್ಬುಸ್ನಿಲ್ಲ.”

ದೋಟಿಯ ತುದಿಯಲ್ಲಿದ್ದ ಅಗರಬತ್ತಿ ಕಟ್ಟು ಕೆಳಗೆ ಬಿತ್ತು. ಆಗಲೇ ಹೇಳಿದಂತೆ, ಹಾಗೆ ಬೀಳುವುದು ಹಿಂದೆಂದೂ ಇರಲಿಲ್ಲ.

ಸಿದ್ದಮಲ್ಲಪ್ಪನವರ ಸಂಕಟ ಏನೆಂಬುದು ಸ್ಪಷ್ಟ. ಮೂರು ತಿಂಗಳಲ್ಲಿ ಇಪ್ಪತ್ತೊಂದು ದಿನ ಹುಣಸೆಮರದ ಕೆಳಗೆ ನಿದ್ದೆಯಲ್ಲಿ ಕಳೆದಿತ್ತು. ಉಳಿದದ್ದು ಅರವತ್ತೆಂಟು ದಿನ. ಸೆಪ್ಟೆಂಬರ್ 6ಕ್ಕೆ ನೂರ ಇಪ್ಪತ್ತಾರು ಬಂದರೆ, ಅವರ ಕಣ್ಣಿಗೆ, ಅಟ್ಟದ ಮೇಲೆ ಇನ್ನೊಂದು ಮೆಟ್ಟು ಸೇರುತ್ತದೆ.

ಜುಲೈ 1ರ ಗುರುವಾರ ಅವರು ಮೊಪೆಡ್ಡಿನ ಮೇಲೆ ಹಿಂಬಾಲಿಸಿದರು. ಮೊಪೆಡ್ಡಿನ ಸದ್ದು ಹುಣಸೆಮರಕ್ಕೆ ಅರ್ಧ ಕಿಲೋಮೀಟರ್ ಮೊದಲೇ ಮುಟ್ಟಿತು. ಇವರು ಸೇರುವ ಹೊತ್ತಿಗೆ ಪುಟ್ಟಸಿದ್ದಯ್ಯ ರಸ್ತೆಯ ನಡುವೆ ಸಿಪಾಯಿಯಂತೆ ಕೈ ಬೀಸುತ್ತ ನಡೆಯುತ್ತಿದ್ದ; ಬೆನ್ನಿಗೆ ಮಾತ್ರ ಹುಣಸೆ ಎಲೆ ಅಂಟಿದ್ದವು. ಜುಲೈ 2ರ ಶುಕ್ರವಾರ ಅವರು ಮೊದಲ ಬಾರಿಗೆ ಕಾಲ್ನಡಿಗೆಯಲ್ಲಿ, ಹವಾಯಿ ಚಪ್ಪಲಿ ಹಾಕಿಕೊಂಡು ಹೊರಟರು. ಮುತ್ತಯ್ಯನ ಟೀ ಅಂಗಡಿಯ ಮುಂದೆ ಅದರ ಬಾರು ಕಿತ್ತುಹೋಯಿತು. ಬರಿಗಾಲಿನಲ್ಲಿ ಮನೆಗೆ ಬಂದವರು ಹೆಂಡತಿಯನ್ನು ಕರೆದರು.

“ನಾಳಿಕ್ಕೆ ಏನಾರ ಮೆಟ್ಕಳಾಕೆ ಬೇಕಲ್ಲ.”

ಶಿವರತ್ನಮ್ಮನವರು ದೋಟಿಯನ್ನು ಕೇಳದೆ, ತಾವೇ ಏಣಿ ಹತ್ತಿ ಅಟ್ಟದಿಂದ ಮಾವನವರ ಮೆಟ್ಟಿನ ಜೊತೆಯನ್ನು ಇಳಿಸಿದರು. ಮರದಂತೆ ಬಿಗಿದಿದ್ದ ಎಡ ಮೆಟ್ಟಿಗೆ ಹರಳೆಣ್ಣೆ ಉಜ್ಜಿ ಬಿಸಿಲಿಗಿಟ್ಟರು. ಗಂಡ ಅದನ್ನು ಮುಟ್ಟಲು ಹಿಂಜರಿದಾಗ ಆಕೆ ಹೇಳಿದ್ದಿಷ್ಟೇ:

“ಕಾಲಿಲ್ಲದೆ ಕೂತಿತ್ತು ಪಾಪ. ಕಾಲಿಗಾಕಳಿ.”

ಜುಲೈ 3, ಶನಿವಾರ, ಆರು ಗಂಟೆ ಹತ್ತು ನಿಮಿಷಕ್ಕೆ ಸಿದ್ದಮಲ್ಲಪ್ಪನವರು ತಂದೆಯ ಮೆಟ್ಟಿನಲ್ಲಿ ಹೊರಟರು. ಸವೆದ ಬಲ ಮೆಟ್ಟು ಮೌನವಾಗಿತ್ತು. ಹೊಸದಾದ ಎಡ ಮೆಟ್ಟು ಮಾತ್ರ ಹೆಜ್ಜೆಗೊಮ್ಮೆ ಜೀರು, ಜೀರು ಎಂದು ಕೂಗುತ್ತಿತ್ತು. ನನ್ನ ಜಗುಲಿಗೆ ಅದು ಊರ ತುದಿಯವರೆಗೆ ಕೇಳಿಸಿತು. ಗುಟ್ಟಾಗಿ ಹಿಂಬಾಲಿಸಲು ಹೊರಟವರಿಗೆ ಇಷ್ಟು ಪ್ರತಿಕೂಲವಾದ ಪಾದರಕ್ಷೆ ದೊರಕುವುದು ಕಷ್ಟ.

ಪುಟ್ಟಸಿದ್ದಯ್ಯ ಮೊದಲ ದಿನವೇ ಆ ಸದ್ದನ್ನು ಕಲಿತುಕೊಂಡ. ಜೀರು ಎಂದರೆ ಎದ್ದು ನಡೆಯುವುದು, ನಿಂತರೆ ತಾನೂ ನಿಲ್ಲುವುದು. ಸಿದ್ದಮಲ್ಲಪ್ಪನವರೂ ಎರಡು ದಿನದಲ್ಲಿ ಈ ಮರ್ಮವನ್ನು ಕಂಡುಕೊಂಡರು: ತಾವು ನಡೆದಷ್ಟು ಹೊತ್ತು ಮಾತ್ರ ಅವನು ನಡೆಯುತ್ತಾನೆ. ಅವನನ್ನು ಎರಡನೆಯ ಕಲ್ಲಿನವರೆಗೆ ನಡೆಸಬೇಕಾದರೆ ತಾವೂ ಎರಡನೆಯ ಕಲ್ಲಿನವರೆಗೆ ಜೀರುಗುಟ್ಟಬೇಕು. ಬೇರೆ ದಾರಿ ಇರಲಿಲ್ಲ.

ಜೊತೆಯಲ್ಲಿ ನಡೆಯಲು ಮಾತ್ರ ಅವರು ಒಪ್ಪಲಿಲ್ಲ. ಇಬ್ಬರೂ ಒಟ್ಟಿಗೆ ನಡೆದರೆ ಯಾರ ನಡಿಗೆ ಯಾರ ಹೆಸರಿಗೆ ಸೇರುತ್ತದೆಂಬ ಗೊಂದಲ ಬರುತ್ತದೆಂದು ಅವರ ವಾದ. ಆದ್ದರಿಂದ ನಡುವೆ ನಲವತ್ತು ಮಾರು ಅಂತರ. ಮಾತುಕತೆಯೆಲ್ಲ ಆ ಅಂತರದಿಂದಲೇ, ಗಟ್ಟಿಯಾಗಿ.

“ಲೇ ಪುಟ್ಟಸಿದ್ದ, ಬಿರ್ರನೆ ನಡೀಲಾ. ಡಾಕ್ಟ್ರು ಚುರುಕಾಗಿ ಅಂದವ್ರೆ.”

“ನೀವ್ ಬಿರ್ರನೆ ಬನ್ನಿ ಬಾವ. ನಿಮ್ ಜೀರು ಇಂದೆ ಬಿದ್ರೆ ನನ್ ಕಾಲೂ ಇಂದೆ ಬೀಳ್ತವೆ.”

“ನಂಗ್ಯಾಕ್ಲಾ ಅವಸರ? ನಡೆಯೋನು ನೀನು.”

“ಅಂಗಾರೆ ನೀವ್ ಕೂತ್ಕಳಿ. ನಾನೂ ಕೂತ್ಕತೀನಿ.”

ಸಿದ್ದಮಲ್ಲಪ್ಪನವರು ಹಲ್ಲು ಕಡಿದು ಹೆಜ್ಜೆ ಚುರುಕು ಮಾಡುತ್ತಿದ್ದರು.

ಟೀ ಅಂಗಡಿಯ ಮುತ್ತಯ್ಯ ಒಂದು ದಿನ ತಡೆಯಲಾರದೆ ಕೇಳಿದ: “ಏನ್ ಸಾವ್ಕಾರ್ರೇ, ವಾಕಿಂಗಾ?”

“ನಾನ್ಯಾಕಪ್ಪಾ ವಾಕಿಂಗ್ ಮಾಡ್ಲಿ? ವಾಕಿಂಗ್ ಮಾಡ್ತಿರೋನು ಅವ್ನು. ನಾನ್ ನೋಡ್ಕಳಾಕೆ ಓಯ್ತಿವ್ನಿ.”

“ನೀವೂ ನಡೀತಾ ಇದ್ದಂಗದೆಯಲ್ಲಾ.”

“ನೋಡ್ಬೇಕಾರೆ ನಡೀದೇ ಇನ್ನೇನ್ ಆರ್ಕಂಡೋಗ್ಲಾ?”

ಜುಲೈ 3ರಿಂದ ಸೆಪ್ಟೆಂಬರ್ 5ರವರೆಗಿನ ಅರವತ್ತೈದು ದಿನಗಳಲ್ಲಿ ಮಳೆ ಬಂದ ಒಂಬತ್ತು ಬೆಳಗೂ ಸೇರಿ ಒಂದು ದಿನವೂ ತಪ್ಪಲಿಲ್ಲ. ಮಳೆಯಲ್ಲಿ ಇಬ್ಬರೂ ಕೊಡೆ ಹಿಡಿದು, ನಲವತ್ತು ಮಾರು ಅಂತರ ಕಾಯ್ದುಕೊಂಡೇ ಹೋದರು. ಆಗಸ್ಟ್ ತಿಂಗಳಲ್ಲಿ ಮತ್ತೊಂದು ಬದಲಾವಣೆ ಕಂಡಿತು. ಭಾವಮೈದನನ್ನು ಶಂಕಿಸಿ ಅಭ್ಯಾಸವಾದವರು ಅಂಗಡಿಯ ಮಾಲನ್ನೂ ಶಂಕಿಸತೊಡಗಿದರು. ಬೇಳೆ ಮೂಟೆಯಲ್ಲಿ ಹುಳ ಬಿದ್ದಿದೆಯೇ, ಇಲಿ ತೂತು ಮಾಡಿದೆಯೇ ಎಂದು ಗಂಟೆಗೊಮ್ಮೆ ಗಲ್ಲಾದಿಂದ ಎದ್ದು ಉಗ್ರಾಣದೊಳಗೆ ಹೋಗಿ ಬರುತ್ತಿದ್ದರು. ಹೇಗೂ ಎದ್ದವರು ಅಗರಬತ್ತಿಯನ್ನು ಕೈಯಿಂದಲೇ ತೆಗೆದುಕೊಡುತ್ತಿದ್ದರು. ದೋಟಿಯ ಕೊಕ್ಕೆಗೆ ಜೇಡ ಬಲೆ ಕಟ್ಟಿತು. ಮೊಪೆಡ್ಡಿನ ಟೈರಿನಲ್ಲಿ ಗಾಳಿ ಇಳಿಯಿತು. ತುಂಬಿಸಲು ಹೇಳಬೇಕಾದವರೇ ಮರೆತಿದ್ದರು.

ಸೆಪ್ಟೆಂಬರ್ 6, ಸೋಮವಾರ, ಮೂವರೂ ಕೊಳ್ಳೇಗಾಲದ ಬಸ್ಸು ಹತ್ತಿದರು. ತೋಳಿನ ಮುಡುಪು ಸಾಕ್ಷಿಯಾಗಿ ಬೇಕೆಂದು ಪುಟ್ಟಸಿದ್ದಯ್ಯನನ್ನೂ ಕರೆದೊಯ್ದಿದ್ದರು. ರಕ್ತ ಕೊಟ್ಟು, ಚೀಟಿಗಾಗಿ ಕಾಯುವ ಹೊತ್ತಿನಲ್ಲಿ ಸಿದ್ದಮಲ್ಲಪ್ಪನವರು ಬೆಂಚಿನ ಮೇಲೆ ಕುಳಿತು ತಮ್ಮ ಎಡಪಾದವನ್ನೇ ನೋಡುತ್ತಿದ್ದರಂತೆ. ಬೆರಳುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿಕೊಂಡರೆಂದು ಶಿವರತ್ನಮ್ಮನವರು ಹೇಳಿದರು. ಮುಂದಿನ ಮಾತುಗಳನ್ನೂ ನಾನು ಆಕೆಯ ಬಾಯಿಂದಲೇ ಕೇಳಿ ಅಂದು ಸಂಜೆಯೇ ಬರೆದಿಟ್ಟೆ.

ವೈದ್ಯರು ಚೀಟಿ ನೋಡಿ ಕನ್ನಡಕ ತೆಗೆದರು.

“ನೂರ ನಾಲ್ಕು. ತೂಕ ಆರು ಕೆಜಿ ಇಳಿದಿದೆ. ಭೇಷ್. ದಿನಾ ನಡೆದ್ರಾ?”

“ಒಂದಿನಾನೂ ತಪ್ಸಿಲ್ಲ ಸಾ,” ಎಂದು ಸಿದ್ದಮಲ್ಲಪ್ಪನವರು ಭಾವಮೈದನ ಬೆನ್ನು ತಟ್ಟಿದರು. “ಇವ್ನೇಯ. ಲೇ, ಮುಡುಪು ತೋರ್ಸಲಾ.”

ಪುಟ್ಟಸಿದ್ದಯ್ಯ ತೋಳು ಚಾಚಿದ. ವೈದ್ಯರು ಅದನ್ನು ರಕ್ತದೊತ್ತಡ ನೋಡಬೇಕೆಂಬ ಕೋರಿಕೆಯೆಂದು ತಿಳಿದು ಪಟ್ಟಿ ಸುತ್ತತೊಡಗಿದರು. ಶಿವರತ್ನಮ್ಮನವರು ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಬೇಕಾಯಿತು. ಕೇಳಿದ ಮೇಲೆ ವೈದ್ಯರು ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿ ಕುಳಿತಿದ್ದರು. ಅವರ ಭುಜಗಳು ಅಲುಗುತ್ತಿದ್ದವು.

“ಸರಿ. ಅವರು ನಡೆಯೋವಾಗ ನೀವೆಲ್ಲಿದ್ರಿ?”

“ಇಂದ್ಗಡೆ.”

“ಎಷ್ಟು ದೂರ?”

“ನಲವತ್ ಮಾರು.”

“ಅಲ್ಲಪ್ಪ, ಎಲ್ಲಿತನಕ?”

“ಎರಡ್ನೇ ಕಲ್ಲುಗಂಟ. ಆಮ್ಯಾಲೆ ವಾಪಸ್ಸು.”

“ಸಿದ್ದಮಲ್ಲಪ್ಪನವರೇ, ನಾನೂ ಇದೇ ಸೀಮೆಯವನು. ನನಗೆ ಎಸ್ಸೆಸ್ಸೆಲ್ಸಿ ಪಾಸಾಗಲಿ ಅಂತ ನಮ್ಮಜ್ಜಿ ನನ್ನ ಹೆಸರಲ್ಲಿ ಬೆಟ್ಟಕ್ಕೆ ನಡೆದಿದ್ರು. ಆದ್ರೆ ಪರೀಕ್ಷೆ ಮಾತ್ರ ನಾನೇ ಬರೆದೆ.”

ಸಿದ್ದಮಲ್ಲಪ್ಪನವರು ಭಾವಮೈದನ ತೋಳಿನ ಮುಡುಪಿನ ಕಡೆ ನೋಡಿದರು.

“ಪಕ್ಕದ ಅಂಗಡೀಲಿ ವ್ಯಾಪಾರ ಚೆನ್ನಾಗಿ ಆದ್ರೆ ನಿಮ್ಮ ಉಗ್ರಾಣದ ಮೂಟೆ ಖಾಲಿ ಆಗುತ್ತಾ?”

“ಅದೆಂಗಾಯ್ತದೆ ಸಾ.”

“ಮತ್ತೆ? ಇದು ನಿಮ್ಮ ಕಾಲು ಮಾಡಿದ ಕೆಲಸ. ನಿಲ್ಲಿಸಿದ್ರೆ ಸಕ್ಕರೆ ಮತ್ತೆ ಹತ್ತುತ್ತೆ. ಇದಕ್ಕೆ ಕೊನೆ ದಿನ ಅಂತ ಇಲ್ಲ.”

ಹನೂರಿನಲ್ಲಿ ಬಸ್ಸು ಇಳಿಯುವಾಗ ಸಿದ್ದಮಲ್ಲಪ್ಪನವರು, “ಆ ಡಾಕ್ಟ್ರು ಒಳ್ಳೇವ್ರು, ವಸಿ ಮಾತು ಜಾಸ್ತಿ,” ಎಂದರು. ಮನೆಗೆ ಬಂದು ಕೈಕಾಲು ತೊಳೆದು, ಪುಟ್ಟಸಿದ್ದಯ್ಯನನ್ನು ಅದೇ ಮಣೆಯ ಮೇಲೆ ಕೂರಿಸಿ ಅವನ ತೋಳಿನ ಮುಡುಪನ್ನು ಬಿಚ್ಚಿದರು. ಪದ್ಧತಿಯಂತೆ ಅದನ್ನು ದೇವರ ಮುಂದಿಡುವರೆಂದು ಅಷ್ಟರಲ್ಲಿ ಅಲ್ಲಿಗೆ ಹೋಗಿದ್ದ ನಾನೂ ಸೇರಿ ಎಲ್ಲರೂ ಕಾದೆವು. ಅವರು ತಮ್ಮ ತೋಳಿಗೆ ಕಟ್ಟಿಕೊಳ್ಳಲು ನೋಡಿ, ಒಂದು ಕೈಯಲ್ಲಿ ಗಂಟು ಬೀಳದೆ, ಹೆಂಡತಿಯ ಕಡೆ ತೋಳು ಚಾಚಿದರು. ಶಿವರತ್ನಮ್ಮನವರು ಬಿಗಿಯಾಗಿ ಎರಡು ಗಂಟು ಹಾಕಿದರು.

“ಅಂಗಾರೆ ನಾಳಿಂದ ಒಬ್ಬಟ್ಟು?” ಎಂದ ಪುಟ್ಟಸಿದ್ದಯ್ಯ.

“ನಡೆಯೋರ್ಗೆ,” ಎಂದರು ಅಕ್ಕ.

“ಬಾವಂಗೆ ಡಾಕ್ಟ್ರು ಬ್ಯಾಡ ಅಂದವ್ರಲ್ಲಕ್ಕ.”

“ಅದ್ಕೇಯಾ ನೀನೂ ನಡಿ ಅಂತಿರೋದು.”

ಸೆಪ್ಟೆಂಬರ್ 7, ಮಂಗಳವಾರ, ಆರು ಗಂಟೆ ಐದು ನಿಮಿಷ. ಎದುರುಮನೆಯ ಬಾಗಿಲು ತೆರೆಯಿತು. ಮುಂದೆ ಸಿದ್ದಮಲ್ಲಪ್ಪನವರು ಬಂದರು. ನಾನು ಕಿವಿಗೊಟ್ಟು ಆಲಿಸಿದೆ, ಸದ್ದೇ ಇಲ್ಲ. ಎಡ ಮೆಟ್ಟು ಸವೆದು ಮೆತ್ತಗಾಗಿತ್ತು. ಅದರ ಜೀರು ಯಾವ ದಿನ ನಿಂತಿತೆಂದು ನಾನು ಗುರುತು ಹಾಕಿಕೊಳ್ಳದೆ ಹೋದದ್ದಕ್ಕೆ ಈಗಲೂ ವಿಷಾದವಿದೆ. ಅವರು ನಲವತ್ತು ಮಾರು ಮುಂದೆ ಹೋದ ಮೇಲೆ ಪುಟ್ಟಸಿದ್ದಯ್ಯ ಕಣ್ಣುಜ್ಜುತ್ತ ಹೊರಬಂದ.

“ನೀನ್ಯಾಕೋ? ನಿನ್ನ ಹರಕೆ ಮುಗಿಯಿತಲ್ಲ?” ಎಂದು ಕೇಳಿದೆ.

“ಇಲ್ಲ ಮೇಷ್ಟ್ರೇ. ಮೊದ್ಲಾದ್ರೆ ಜೀರು ಅಂತಿತ್ತು, ಬಾವ ನಡೀತಾ ಅವ್ರೆ ಅಂತ ಗೊತ್ತಾಯ್ತಿತ್ತು. ಈಗ ಸದ್ದಿಲ್ಲ. ಉಣಸೆ ಮರುದ್ ಕೆಳ್ಗೆ ಕೂತ್ಕಂಬುಟ್ರೆ ಯಾರಿಗ್ ಗೊತ್ತಾಯ್ತದೆ? ಆ ಮರ ಎಂಗೆ ಕರೀತದೆ ಅಂತ ನಂಗೇ ಗೊತ್ತು,” ಎನ್ನುತ್ತ ಅವನು ಬಿರಬಿರನೆ ನಡೆದ.

ಈ ವರ್ಷ, 2004ರ ಜೂನ್ 7, ಸೋಮವಾರ, ಮೊದಲ ಪರೀಕ್ಷೆಗೆ ಸರಿಯಾಗಿ ಐದು ವರ್ಷ ತುಂಬಿದ ದಿನ, ಅವರ ರಕ್ತದ ಸಕ್ಕರೆ ನೂರ ಎರಡು ಇತ್ತು. ತಂದೆಯ ಮೆಟ್ಟು ಮಾತ್ರ ಅಷ್ಟು ಕಾಲ ಬಾಳಲಿಲ್ಲ. 2001ರ ಫೆಬ್ರವರಿ 9, ಶುಕ್ರವಾರ, ಎಡ ಮೆಟ್ಟಿನ ಅಟ್ಟೆ ತೂತು ಬಿದ್ದು ಹೆಬ್ಬೆರಳಿಗೆ ನೆಲ ತಾಕಿತು. ಸಿದ್ದಮಲ್ಲಪ್ಪನವರು ಅದನ್ನು ಕೈಯಲ್ಲಿ ಹಿಡಿದು, ತೂತಿನಲ್ಲಿ ಬೆರಳು ತೂರಿಸಿ, ಓಣಿಯ ಪ್ರತಿ ಮನೆಗೂ ತೋರಿಸಿಕೊಂಡು ಬಂದರು. ಮದುವೆ ಕರೆಯೋಲೆ ಹಂಚುವವರಂತೆ ಅವರು ಮನೆಮನೆ ಸುತ್ತಿದ್ದು ಒಟ್ಟು ಹದಿನಾಲ್ಕು ಮನೆ. ನಲವತ್ತು ಮಾರು ಹಿಂದೆ ಪುಟ್ಟಸಿದ್ದಯ್ಯನಿದ್ದ.